ಪುಟದ ಅಂಚಿನಾಚೆ ಉಳಿದ ನಾಲ್ಕು ಸಾಲು

ಹೋದ ತಿಂಗಳು ಹಳೆಯ ಕಾಗದಗಳನ್ನು ವಿಂಗಡಿಸುವಾಗ ಕಂದು ಬಣ್ಣದ ಲಕೋಟೆಯೊಂದು ಕೈಗೆ ಬಂತು. ಬಾಯಿ ಬಿಚ್ಚಿದ ಕೂಡಲೇ ಅರಿಸಿನದ ವಾಸನೆ ಬಂತು. ಒಳಗೆ ಹೊಲಿದ ಬಟ್ಟೆಯ ಚೀಲ, ಚೀಲದೊಳಗೆ ಒಂದು ಸಿ.ಡಿ. ಅದರ ಮೇಲೆ ನೀಲಿ ಮಾರ್ಕರಿನಲ್ಲಿ ‘ಮರದ ಪುಸ್ತಕ, ಕೊನೇದು’ ಎಂದು ಬರೆದಿತ್ತು. ಅಕ್ಷರಗಳು ದುಂಡಗೆ, ಒಂದೇ ಎತ್ತರಕ್ಕೆ, ಇಲ್ಲದ ಗೆರೆಯ ಮೇಲೆ ಕೂತಂತೆ ಇದ್ದವು. ಯಾರ ಕೈ ಎಂದು ತಿಳಿಯಲು ಹೊತ್ತು ಹಿಡಿಯಲಿಲ್ಲ.

ಆಪಾ…

ಚಾಮರಾಜನಗರದಲ್ಲಿ ಅವರನ್ನು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಅವರ ಮನೆಯಲ್ಲಿ ಉರ್ದು ಮಾತು. ಅಕ್ಕ ಎಂಬುದಕ್ಕೆ ಆಪಾ. ಅವರಿಗಿಂತ ಹತ್ತು ವರ್ಷ ದೊಡ್ಡವರಾದ ವಕೀಲರೂ, ಲಗ್ನಪತ್ರಿಕೆ ಮಾಡಿಸಲು ಹರದನಹಳ್ಳಿಯಿಂದ ಬರುತ್ತಿದ್ದ ರೈತರೂ ಮೆಟ್ಟಿಲು ಹತ್ತುತ್ತಲೇ ‘ಆಪಾ’ ಎಂದು ಕೂಗುತ್ತಿದ್ದರು. ಅರಿಸಿನದ ಮಂಡಿಯೊಂದರ ಮೇಲಿನ ಕೋಣೆ ಅವರ ಡಿ.ಟಿ.ಪಿ. ಅಂಗಡಿ. ಎರಡು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್, ಕಿಟಕಿಯ ಬಳಿ ಅವರ ತಂದೆಯ ಕಾಲದ ಅಚ್ಚಿನ ಮೊಳೆಗಳ ಮರದ ಪೆಟ್ಟಿಗೆ. ಕೆಳಗೆ ಮೂಟೆ ಸುರಿದಾಗಲೆಲ್ಲ ಹಳದಿ ಧೂಳು ಮೆಟ್ಟಿಲೇರಿ ಬರುತ್ತಿತ್ತು. ಅವರು ಮುದ್ರಿಸಿಕೊಟ್ಟ ಯಾವ ಕಾಗದವನ್ನು ಮೂಸಿದರೂ ಅದೇ ವಾಸನೆ.

ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ನಾನು ಒಂದು ದಿನಪತ್ರಿಕೆಯ ಜಿಲ್ಲಾ ವರದಿಗಾರ. ಕಚೇರಿ ಇರಲಿಲ್ಲ. ಕೈಬರಹದ ವರದಿಯನ್ನು ಮಧ್ಯಾಹ್ನ ಆಪಾಗೆ ಕೊಟ್ಟರೆ ಅವರು ಟೈಪ್ ಮಾಡಿ ಮೈಸೂರಿಗೆ ಕಳಿಸುತ್ತಿದ್ದರು. ಉದ್ದವಾಯಿತು ಎಂದು ನಾನು ಒಂದು ಸಾಲು ತೆಗೆಯಲು ಹೇಳಿದರೆ ಅವರು ಅಳಿಸುತ್ತಿರಲಿಲ್ಲ. ಆ ಸಾಲನ್ನು ಹಿಡಿದು ಪರದೆಯ ಮೇಲಿನ ಪುಟದಿಂದ ಹೊರಕ್ಕೆ ಎಳೆದು, ಪಕ್ಕದ ಖಾಲಿ ಜಾಗದಲ್ಲಿ ಇಡುತ್ತಿದ್ದರು. ಪುಟ ಜೋಡಿಸುವ ಆ ಸಾಫ್ಟ್‌ವೇರ್‌ನಲ್ಲಿ ಅಂಥ ಜಾಗ ಇರುತ್ತದೆ. ಮೇಜಿನ ನಡುವೆ ಕಾಗದ ಇಟ್ಟುಕೊಂಡ ಹಾಗೆ. ಕಾಗದದ ಮೇಲಿದ್ದದ್ದು ಅಚ್ಚಾಗುತ್ತದೆ. ಮೇಜಿನ ಮೇಲೆ ಉಳಿದದ್ದು ಫೈಲಿನಲ್ಲಿ ಇರುತ್ತದೆ, ಅಚ್ಚಾಗುವುದಿಲ್ಲ.

ಯಾಕೆ ಹಾಗೆ ಎಂದು ಒಮ್ಮೆ ಕೇಳಿದ್ದೆ. ಅದು ಅವರ ತಂದೆಯ ಪದ್ಧತಿ. ಸೀಸದ ಮೊಳೆ ಜೋಡಿಸುವ ಕಾಲದಲ್ಲಿ, ಪುಟದಿಂದ ತೆಗೆದ ಸಾಲನ್ನು ಅವರು ತಕ್ಷಣ ಬಿಚ್ಚಿ ಮೊಳೆಗಳನ್ನು ಪೆಟ್ಟಿಗೆಯ ಮನೆಗಳಿಗೆ ಹಾಕುತ್ತಿರಲಿಲ್ಲವಂತೆ. ದಾರದಲ್ಲಿ ಕಟ್ಟಿ ಒಂದು ತಟ್ಟೆಯಲ್ಲಿ ಇಡುತ್ತಿದ್ದರಂತೆ. ಬರೆಸಿದವರು ಬಂದು, ನೋಡಿ, ಬೇಡ ಎಂದ ಮೇಲೆಯೇ ಬಿಚ್ಚುವುದು.

“ಅಬ್ಬಾ ಹೇಳ್ತಿದ್ರು ಸಾರ್, ಜೋಡಿಸಿದ ಸಾಲು ನಮ್ಮದಲ್ಲ ಅಂತ. ಬಿಚ್ಚೋಕೆ ನಾವ್ಯಾರು?”

ಆ ಮಾತನ್ನು ನಾನು ಆಗ ನಗುತ್ತ ಕೇಳಿಸಿಕೊಂಡಿದ್ದೆ. ನನಗೆ ಬೆರಗಾಗುತ್ತಿದ್ದದ್ದು ಇನ್ನೊಂದಕ್ಕೆ. ಮೊಳೆಯ ಮೇಲಿನ ಅಕ್ಷರ ತಿರುವುಮುರುವು ಇರುತ್ತದೆ. ಹುಡುಗಿಯಾಗಿದ್ದಾಗಿನಿಂದ ಅದನ್ನು ಓದಿದ ಅವರು, ಎದುರು ಕೂತ ನನ್ನ ಕೈಯ ಕಾಗದವನ್ನು ತಲೆಕೆಳಗಾಗಿಯೇ ಓದಿ, ನಾನು ಕೊಡುವ ಮೊದಲೇ ತಪ್ಪು ಹೇಳುತ್ತಿದ್ದರು. ಪುಟ ಪರೀಕ್ಷಿಸುವಾಗ ಕೊನೆಯ ಸಾಲಿನಿಂದ ಮೇಲಕ್ಕೆ ಹೋಗುತ್ತಿದ್ದರು. ಮೇಲಿನಿಂದ ಓದಿದರೆ ಅರ್ಥ ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ, ಅಕ್ಷರ ಕಾಣುವುದಿಲ್ಲ ಎನ್ನುತ್ತಿದ್ದರು. ಸುದ್ದಿಮನೆಯಲ್ಲಿ ಇಪ್ಪತ್ತು ವರ್ಷ ಕಳೆದ ಮೇಲೂ ನನಗೆ ಆ ವಿದ್ಯೆ ಬರಲಿಲ್ಲ.

ಗುಂಡ್ಲುಪೇಟೆಯ ನಿವೃತ್ತ ಫಾರೆಸ್ಟ್ ಗಾರ್ಡ್ ಒಬ್ಬರು ಆ ಮೆಟ್ಟಿಲು ಹತ್ತಿ ಬಂದದ್ದು ಆ ದಶಕ ಮುಗಿಯುತ್ತಿದ್ದ ಕಾಲದಲ್ಲಿ. ನಾನು ಅಲ್ಲೇ ಇದ್ದೆ. ಬಂದವರು ಗೋಡೆ ಮುಟ್ಟಿಕೊಂಡು ಬಂದರು. ಏಳೆಂಟು ವರ್ಷದ ಹಿಂದೆ ಅವರು ಬರೆದ ಪುಸ್ತಕಕ್ಕೆ ಪುಟ ಜೋಡಿಸಿಕೊಟ್ಟವರು ಆಪಾ. ಗುಂಡ್ಲುಪೇಟೆ ಕಡೆಯ ಮದ್ದೂರು ವಲಯದ ಕಾಡಿನ ಮರಗಳನ್ನು ತೊಗಟೆಯಿಂದ, ಅಂಟಿನಿಂದ, ಎಲೆ ಉದುರುವ ಬಗೆಯಿಂದ ಗುರುತಿಸುವುದು ಹೇಗೆ ಎಂಬ ಪುಸ್ತಕ. ಕರಿಮತ್ತಿಯ ತೊಗಟೆ ಮೊಸಳೆಯ ಬೆನ್ನಿನ ಹಾಗೆ, ಹೊನ್ನೆಗೆ ಕಚ್ಚು ಹಾಕಿದರೆ ರಕ್ತದ ಹಾಗೆ ರಸ… ಅಂಥ ಮಾತುಗಳು. ನಾನು ಅದರ ಬಗ್ಗೆ ಒಂದು ಚಿಕ್ಕ ವರದಿಯನ್ನೂ ಬರೆದಿದ್ದೆ. ಪ್ರತಿಗಳು ಬೇಗ ಮುಗಿದವು. ಮತ್ತೆ ಅಚ್ಚಾಗಲಿಲ್ಲ.

ಅವರಿಗೆ ಕಣ್ಣಿನ ನಡುಭಾಗದ ದೃಷ್ಟಿ ಹೋಗುತ್ತಿತ್ತು. ಕನ್ನಡಕದಿಂದ ಆಗದು, ಉಳಿದದ್ದೂ ಎಷ್ಟು ತಿಂಗಳೋ ಹೇಳಲಾಗದು ಎಂದು ಮೈಸೂರಿನ ವೈದ್ಯರು ತಿಳಿಸಿದ್ದರು. ಬೋರ್ಡಿನ ಗಾತ್ರದ ಅಕ್ಷರವಾದರೆ ಓದಬಲ್ಲರು. ತಮ್ಮ ಪುಸ್ತಕವನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ಮಾಡಿಕೊಡಲು ಆಗುತ್ತದೆಯೇ ಎಂದು ಕೇಳಲು ಬಂದಿದ್ದರು.

ಇನ್ನೊಂದು ಕೋರಿಕೆಯೂ ಇತ್ತು. ಅದನ್ನು ಹೇಳಲು ಅವರು ಹೊತ್ತು ತೆಗೆದುಕೊಂಡರು. ಅವರ ಸರ್ವೀಸಿನ ಉದ್ದಕ್ಕೂ ಜೊತೆಯಲ್ಲಿ ಕಾಡು ಸುತ್ತಿದವನು ಒಬ್ಬ ವಾಚರ್, ಮದ್ದೂರಿನ ಕಡೆಯ ಗಿರಿಜನರ ಹಾಡಿಯವನು. ಮರಗಳನ್ನು ತೋರಿಸಿಕೊಟ್ಟವನೇ ಅವನು. ಓದಲು ಬಾರದವನು. ಪುಸ್ತಕ ಬಂದಾಗ ಅವನ ಮಗಳು ಮೊದಲಿನಿಂದ ಕೊನೆಯವರೆಗೆ ಓದಿ, ಅಪ್ಪ, ನಿನ್ನ ಹೆಸರು ಎಲ್ಲೂ ಇಲ್ಲ ಅಂದಳಂತೆ. ಅವನು ಗಾರ್ಡ್ ಮನೆಗೆ ಬಂದು ಕೇಳಿದ. ಇವರು ಪುಸ್ತಕ ತಿರುವಿ ನೋಡಿದರು. ಇರಲಿಲ್ಲ.

“ಬರ್ದಿದ್ನೋ, ಬರೀಬೇಕು ಅಂದ್ಕಂಡೇ ಉಳ್ದುಬುಟ್ನೋ, ನಂಗೇ ಗೊತ್ತಾಗ್ನಿಲ್ಲ ಕಣವ್ವ,” ಎಂದರು ಗಾರ್ಡ್. “ಕೈಬರಹ ಗೆದ್ಲು ತಿಂದಿತ್ತು. ಮರ್ತೋಯ್ತು ಕಣ್ಲಾ, ತಪ್ಪಾಯ್ತು ಅಂದೆ. ಅವ್ನು ಬಯ್ನಿಲ್ಲ. ಎದ್ದು ಓದ. ಆಮೇಕೆ ಬರ್ನೇ ಇಲ್ಲ.”

ಈಗ ಹೊಸದಾಗಿ ಮಾಡುವುದಾದರೆ ಅವನ ಹೆಸರಿನದು ಒಂದು ಸಾಲು ಸೇರಿಸಿಕೊಡಬೇಕು. ಅದನ್ನು ತಾವೇ, ತಮ್ಮ ಕಣ್ಣಿನಲ್ಲಿ, ಅವನ ಮುಂದೆ ಓದಬೇಕು. ಅಷ್ಟರೊಳಗೆ ಕಣ್ಣು ಹೋಗಬಾರದು. ಅವರು ಕೇಳಿದ್ದು ಅಷ್ಟೇ. ಆಪಾ, ಆ ಸಾಲನ್ನು ಯಾರಿಂದಲಾದರೂ ಬರೆಸಿ ಕಳಿಸಿ, ಹಾಕೋಣ ಎಂದರು.

ಮೊದಲು ಅವರು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಒಂದು ಪುಟವನ್ನು ನಾಲ್ಕು ಪಟ್ಟು ಹಿಗ್ಗಿಸಿ ಝೆರಾಕ್ಸ್ ತೆಗೆಸಿದರು. ಅಕ್ಷರವೇನೋ ದೊಡ್ಡದಾಯಿತು, ಸಾಲೂ ಅಷ್ಟೇ ಉದ್ದವಾಯಿತು. ಗಾರ್ಡ್ ಸಾಲಿನ ಕೊನೆಗೆ ಹೋಗಿ, ಮುಂದಿನ ಸಾಲಿನ ಮೊದಲಿಗೆ ವಾಪಸು ಬರುವಷ್ಟರಲ್ಲಿ ದಾರಿ ತಪ್ಪುತ್ತಿದ್ದರು. ಅದೇ ದಿನಗಳಲ್ಲಿ ನಮ್ಮ ಪತ್ರಿಕೆ ಹಳೆಯ ಫಾಂಟ್ ಬಿಟ್ಟು ಯುನಿಕೋಡ್‌ಗೆ ಬದಲಾಗುತ್ತಿತ್ತು. ಮೈಸೂರಿನಲ್ಲಿ ನಡೆದ ತರಬೇತಿಯಲ್ಲಿ ಒಬ್ಬರು ಲ್ಯಾಪ್‌ಟಾಪಿನ ಮೇಲೆ ಒಂದು ಇ-ಬುಕ್ ತೋರಿಸಿದ್ದರು. ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯಿಂದ ಆಚೆ ಹೋಗದೆ, ತಾನೇ ಮುರಿದು ಕೆಳಗೆ ಇಳಿಯುತ್ತಿತ್ತು. ಅದನ್ನು ಆಪಾಗೆ ಹೇಳಿದೆ.

ಅವರು ನಂಬಲಿಲ್ಲ. ಪತ್ರಿಕೆಯ ಮೈಸೂರು ಕಚೇರಿಯಿಂದ ಲ್ಯಾಪ್‌ಟಾಪ್ ತಂದು ತೋರಿಸಿದೆ. ಅವರು ಗುಂಡಿ ಒತ್ತಿ ಅಕ್ಷರ ಹಿಗ್ಗಿಸಿದರು. ಒಂದು ಸಾಲಿನಲ್ಲಿ ಹತ್ತು ಪದ ಇದ್ದದ್ದು ಐದಾಯಿತು, ಮೂರಾಯಿತು. ಕುಗ್ಗಿಸಿದರು; ಪದಗಳು ಒಂದರ ಹಿಂದೆ ಒಂದು ಮೇಲೇರಿ ಹಳೆಯ ಜಾಗಕ್ಕೆ ಕೂತವು. ಮತ್ತೆ ಹಿಗ್ಗಿಸಿದರು. ಸಾಲನ್ನು ಸಾಲಿನಲ್ಲೇ ನಿಲ್ಲಿಸುವುದನ್ನು ನಲವತ್ತು ವರ್ಷ ಮಾಡಿದವರು ಅವರು.

“ಹಾಗಾದ್ರೆ ಇದ್ರಲ್ಲಿ ಪುಟ ಅನ್ನೋದೇ ಇಲ್ಲ,” ಎಂದರು ಕೊನೆಗೆ. “ಓದೋರ ಕಣ್ಣೇ ಪುಟ.”

ಮರುದಿನದಿಂದ ಕೆಲಸ ಶುರುವಾಯಿತು. ಪುಸ್ತಕ ಅಚ್ಚಾದಾಗ ತುಂಬಿಟ್ಟಿದ್ದ ಬೇರೊಂದು ಸಿ.ಡಿ.ಯ ಹಳೆಯ ಫೈಲುಗಳಿಂದ ಬರಹವನ್ನು ಹೊರಗೆ ತೆಗೆದರೆ ಅದು ಕನ್ನಡವಾಗಿ ಬರಲಿಲ್ಲ; ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಬಂತು. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ಅಂಗಿ ತೊಡಿಸಿದಂಥವು. ಅಂಗಿ ತೆಗೆದರೆ ಬರಿಮೈ. ಅದನ್ನು ಹೊಸ ಸಂಕೇತಕ್ಕೆ ತಿರುಗಿಸುವ ಒಂದು ಪ್ರೋಗ್ರಾಮ್ ಸಿಕ್ಕಿತು. ಅದರ ಕೈಪಿಡಿ ಇಂಗ್ಲಿಷಿನಲ್ಲಿತ್ತು. ನಿಘಂಟು ಪಕ್ಕದಲ್ಲಿಟ್ಟುಕೊಂಡು, ಅರ್ಥವಾಗದ್ದಕ್ಕೆ ಪೆನ್ಸಿಲಿನಲ್ಲಿ ಉರ್ದುವಿನಲ್ಲಿ ಗುರುತು ಬರೆದುಕೊಂಡು, ಆಪಾ ಅದನ್ನು ಕಲಿತರು.

ಬರಹ ಕನ್ನಡವಾಯಿತು. ಆದರೆ ಅಕ್ಷರ ಹಿಗ್ಗಿಸಿದಾಗ ಸಾಲುಗಳು ನಡುವೆಯೇ ಕಡಿದುಬಿದ್ದವು. ಒಂದು ಕಡೆ ದೊಡ್ಡ ಬಯಲು, ಇನ್ನೊಂದು ಕಡೆ ಪದದ ಅರ್ಧಕ್ಕೆ ಅಡ್ಡಗೆರೆ. ಕಾರಣ ಕಂಡುಹಿಡಿಯಲು ಎರಡು ದಿನ ಬೇಕಾಯಿತು. ಕಾರಣ ಅವರೇ. ಕಾಗದದ ಮೇಲೆ ಪುಟ ಚೆಂದ ಕಾಣಲಿ ಎಂದು ಅವರು ಪ್ರತಿ ಸಾಲಿನ ಕೊನೆಯಲ್ಲಿ ಕೈಯಿಂದಲೇ ಸಾಲು ಮುರಿದಿದ್ದರು. ಎರಡು ಅಂಚೂ ಸಮ ಬರಲಿ ಎಂದು ಪದಗಳ ನಡುವೆ ಹೆಚ್ಚುವರಿ ಖಾಲಿ ಜಾಗ ತುರುಕಿದ್ದರು. ಫಾಂಟಿನಲ್ಲಿ ಸರಿಯಾಗಿ ಬಾರದ ಒತ್ತಕ್ಷರಗಳನ್ನು ಬೇರೆ ಕಡೆಯಿಂದ ತಂದು, ಚಿಕ್ಕದು ಮಾಡಿ, ಅಕ್ಷರದ ಕಾಲ ಬಳಿ ಅಂಟಿಸಿದ್ದರು. ಕಾಗದದ ಮೇಲೆ ಅದ್ಯಾವುದೂ ಕಾಣುವುದಲ್ಲ. ಇಲ್ಲಿ ಒಂದೊಂದೂ ಎದ್ದು ನಿಂತಿತು.

ಅವರಿಗೆ ಬೇಸರವಾಗಲಿಲ್ಲ, ನಗು ಬಂತು. ಅಂಗಿಯನ್ನು ಒಳಗಿನಿಂದ ಹೊರಕ್ಕೆ ತಿರುಗಿಸಿ ಬೀದಿಯಲ್ಲಿ ತೋರಿಸಿದ ಹಾಗಾಯಿತು, ಹೊಲಿಗೆಯೆಲ್ಲ ಕಾಣುತ್ತಿದೆ ಎಂದರು. ಆಮೇಲೆ ಒಂದೊಂದಾಗಿ ಬಿಚ್ಚತೊಡಗಿದರು. ಪ್ರೋಗ್ರಾಮಿಗೆ ಹೇಳಿ ಒಟ್ಟಿಗೆ ತೆಗೆಸಿದರೆ ಕವಿತೆಯಂಥ ಪಟ್ಟಿಗಳೂ ಕೂಡಿಕೊಂಡುಬಿಡುತ್ತವೆ ಎಂದು, ನೂರ ಅರವತ್ತು ಪುಟದ ಪ್ರತಿ ಸಾಲಿನ ಕೊನೆಗೂ ಹೋಗಿ ಕೈಯಿಂದ ಬಿಚ್ಚಿದರು. ಕಣ್ಣು ಸಾಲಿನ ತುದಿಯ ಮೇಲೆ ಮಾತ್ರ, ಅರ್ಥದ ಮೇಲಲ್ಲ. ಅಂಗಡಿಯ ಕೆಲಸ ಮುಗಿದ ಮೇಲೆ ದಿನಕ್ಕೆ ಎಂಟು ಹತ್ತು ಪುಟ. ಅವರು ಕಟ್ಟಿದ್ದನ್ನೆಲ್ಲ ಅವರೇ ಬಿಚ್ಚುವುದನ್ನು ನಾನು ಪಕ್ಕದ ಕುರ್ಚಿಯಿಂದ ನೋಡುತ್ತಿದ್ದೆ. ಸರ್ಕಾರಿ ಕಡತ, ಕೋರ್ಟು, ಅಧಿಕಾರಿಗಳ ನಡುವೆ ಓಡಾಡುವ ನನಗೆ, ತಮ್ಮ ಕೈಕೆಲಸವನ್ನು ಇಷ್ಟು ನಿರಾಳವಾಗಿ ಬಿಚ್ಚಿ ನೋಡುವವರು ಬೇರೆ ಯಾರೂ ಸಿಕ್ಕಿರಲಿಲ್ಲ.

ಹೋಲಿಕೆ ನೋಡುವ ಕೆಲಸ ನನಗೆ ಬಂತು. ಅಚ್ಚಾದ ಪುಸ್ತಕದ ಒಂದು ಹಳೆಯ ಪ್ರತಿ ನನ್ನ ಬಳಿ ಇತ್ತು. ಅದನ್ನು ಕೈಯಲ್ಲಿ ಹಿಡಿದು ಪರದೆಯ ಮೇಲಿನದನ್ನು ಓದುತ್ತ ಹೋಗುವುದು. ಮೊದಲ ಅಧ್ಯಾಯ ಶುರುವಾಗುವ ಮುನ್ನ ಪರದೆಯ ಮೇಲೆ ನಾಲ್ಕು ಸಾಲು ಕಂಡವು. ಪುಸ್ತಕದಲ್ಲಿ ನೋಡಿದೆ. ಅಲ್ಲಿ ಇರಲಿಲ್ಲ.

ಪರದೆಯ ಮೇಲೆ ಹೀಗಿತ್ತು. ಹೆಸರು ಇದ್ದ ಕಡೆ ನಾನು ಚುಕ್ಕೆ ಇಟ್ಟಿದ್ದೇನೆ. “ಈ ಮರಗಳನ್ನು ನಾನು ಕಂಡದ್ದಲ್ಲ, ನನಗೆ ತೋರಿಸಿದ್ದು. ತೋರಿಸಿದವನು ನನ್ನ ಜೊತೆಗಿದ್ದ ವಾಚರ್ … ಕಾಡಿನಲ್ಲಿ ಅವನು ಮುಂದೆ ನಡೆದ, ನಾನು ಹಿಂದೆ ನಡೆದೆ. ಬರೆಯುವಾಗ ಮಾತ್ರ ನಾನು ಮುಂದೆ ಬಂದಿದ್ದೇನೆ. ಓದುವವರು ಇದನ್ನು ಅವನ ಪುಸ್ತಕವೆಂದೇ ಓದಬೇಕು.”

ಆಪಾರನ್ನು ಕರೆದೆ. ಅವರು ಓದಿದರು. ಇನ್ನೊಮ್ಮೆ, ತಮ್ಮ ಪದ್ಧತಿಯಂತೆ ಕೆಳಗಿನಿಂದ ಮೇಲಕ್ಕೆ ಓದಿದರು. ಆಮೇಲೆ ಹಳೆಯ ಕಂಪ್ಯೂಟರಿನಲ್ಲಿ ಹಳೆಯ ಫೈಲನ್ನೇ ತೆರೆದು, ಲೇಖಕರ ಅರಿಕೆ ಇದ್ದ ಪುಟವನ್ನು ತಂದು, ನೋಟವನ್ನು ಹಿಂದಕ್ಕೆ ಹಿಂದಕ್ಕೆ ಸರಿಸಿದರು. ಪುಟ ಇಸ್ಪೀಟಿನ ಎಲೆಯಷ್ಟಾಯಿತು, ಬೆಂಕಿಪೊಟ್ಟಣದಷ್ಟಾಯಿತು. ಆಗ ಅದರ ಬಲಗಡೆ, ದೂರದಲ್ಲಿ, ಬಿಳಿಯ ಬಯಲಿನಲ್ಲಿ ಇರುವೆ ಸಾಲಿನಂಥ ನಾಲ್ಕು ಗೆರೆ ಕಾಣಿಸಿದವು. ಏಳೆಂಟು ವರ್ಷ ಅಲ್ಲೇ ಇದ್ದವು. ಕಾಗದಕ್ಕೆ ಅವು ಕಾಣಲಿಲ್ಲ. ಫೈಲಿನಲ್ಲಿದ್ದದ್ದನ್ನೆಲ್ಲ ಒಂದೂ ಬಿಡದೆ ಎತ್ತಿಕೊಂಡು ಬರುವ ಪ್ರೋಗ್ರಾಮಿಗೆ ಒಳಗು ಹೊರಗು ಗೊತ್ತಿರಲಿಲ್ಲ. ಅದು ಅವನ್ನೂ ತಂದಿತ್ತು.

ಅವರು ಕುರ್ಚಿಯ ಮೇಲೆ ಕೂತರು. ನೆನಪು ಒಂದೊಂದಾಗಿ ಬಂತು. ಗಾರ್ಡ್ ಪ್ರೂಫ್ ನೋಡಿ ಒಪ್ಪಿ ಹೋಗಿದ್ದರು. ಆಮೇಲೆ ಎಲೆಗಳ ಚಿತ್ರಗಳು ಬಂದು ಸೇರಿ ಪುಟ ಬೆಳೆಯಿತು. ಹದಿನಾರು ಪುಟಕ್ಕೆ ಒಂದು ಫಾರಂ, ಹತ್ತು ಫಾರಂಗೆ ನೂರ ಅರವತ್ತು ಪುಟ ಎಂದು ಕಾಗದ ಕತ್ತರಿಸಿ ಆಗಿತ್ತು. ಎಲ್ಲ ಕಡೆ ಹಿಂಡಿದ ಮೇಲೂ ಅರಿಕೆಯ ಈ ನಾಲ್ಕು ಸಾಲು ಮಾತ್ರ ಮುಂದಿನ ಪುಟಕ್ಕೆ ಜಾರುತ್ತಿದ್ದವು. ಜಾರಿದರೆ ಆಮೇಲಿನದೆಲ್ಲ ಒಂದು ಪುಟ ಮುಂದಕ್ಕೆ, ಕತ್ತರಿಸಿದ ಕಾಗದ ಸಾಲದು. ಮೈಸೂರಿನ ಅಚ್ಚಿನ ಮನೆಯವರು ಕಾಯುತ್ತಿದ್ದರು. ಗಾರ್ಡ್ ಕಾಡಿನಲ್ಲಿದ್ದರು, ಫೋನ್ ಇರಲಿಲ್ಲ. ಆಮೇಲೆ ಎಲ್ಲಾದರೂ ಜಾಗ ಮಾಡೋಣ ಎಂದು ನಾಲ್ಕು ಸಾಲನ್ನು ಪಕ್ಕಕ್ಕೆ ಎಳೆದಿಟ್ಟರು. ಬೇರೆ ಅಧ್ಯಾಯಗಳನ್ನು ಸರಿ ಮಾಡುವುದರಲ್ಲಿ ಬಸ್ಸಿನ ಹೊತ್ತಾಯಿತು. ಪುಟಗಳನ್ನು ತೆಗೆದುಕೊಂಡು ಹೋದರು. ಅಚ್ಚಾಯಿತು. ಪುಸ್ತಕ ಚೆಂದ ಬಂದಿದೆ ಎಂದು ಎಲ್ಲರೂ ಹೊಗಳಿದರು. ಕೊನೆಯ ಪ್ಯಾರವೇ ಹೋದದ್ದರಿಂದ ಓದುವವರಿಗೆ ಎಲ್ಲೂ ಹರಿದದ್ದು ಕಾಣಲಿಲ್ಲ.

ಇಲ್ಲಿ ನನ್ನದೊಂದು ಮಾತನ್ನು ದಾಖಲಿಸಬೇಕು. ಗಾರ್ಡ್ ಹೇಗೂ ಒಂದು ಸಾಲು ಸೇರಿಸಲು ಕೇಳಿದ್ದಾರೆ, ಅದರ ಬದಲು ಈ ನಾಲ್ಕನ್ನೇ ಸುಮ್ಮನೆ ಸೇರಿಸಿಬಿಡಿ, ಹಳೆಯ ಫೈಲಿನಲ್ಲಿ ಸಿಕ್ಕಿತು ಅಂದರೆ ಸಾಕು, ಹೇಗೆ ಹೋಯಿತೆಂದು ಯಾರು ಕೇಳುತ್ತಾರೆ ಎಂದು ಹೇಳಿದವನು ನಾನು. ನಮ್ಮ ವೃತ್ತಿಯಲ್ಲಿ ತಿದ್ದುಪಡಿಯನ್ನು ಒಳಪುಟದ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ ಹಾಕುವುದು ರೂಢಿ. ನನಗೆ ಅದು ಸಹಜವಾಗಿ ಕಂಡಿತ್ತು.

“ಅವ್ರು ಮರ್ತಿರ್ಲಿಲ್ಲ ಸಾರ್,” ಎಂದರು ಆಪಾ. “ಮರ್ತೆ ಅಂತ ಅವ್ರ ಬಾಯಲ್ಲಿ ಹೇಳಿಸಿದೋಳು ನಾನು.”

ಅವರ ಅಂಗಡಿ ನಡೆಯುತ್ತಿದ್ದದ್ದು ನಂಬಿಕೆಯ ಮೇಲೆ. ವಕೀಲರ ಅರ್ಜಿ, ಜಮೀನಿನ ಕರಾರು ಎಲ್ಲ ಅಲ್ಲಿಗೆ ಬರುತ್ತಿದ್ದವು. ಆಪಾ ಒಂದು ಅಕ್ಷರ ಬಿಡುವುದಿಲ್ಲ ಎಂಬ ಮಾತು ಊರಿನಲ್ಲಿತ್ತು. ಅದನ್ನೂ ನೆನಪಿಸಿದೆ. ಅವರು ಪರದೆಯ ಕಡೆ ತಿರುಗಿದರು. ಆ ನಾಲ್ಕು ಸಾಲನ್ನು ಅರಿಕೆಯ ಕೊನೆಗೆ, ಅದರ ಜಾಗದಲ್ಲಿ ಇಟ್ಟರು. ಇದನ್ನು ಪತ್ರಿಕೆಯಲ್ಲಿ ಬರೆಯಬೇಡಿ ಎಂದು ಮಾತ್ರ ನನ್ನನ್ನು ಕೇಳಿಕೊಂಡರು. ತಮಗಾಗಿ ಅಲ್ಲ, ಆ ಇಬ್ಬರ ಮಾತು ಬೀದಿಗೆ ಬರಬಾರದೆಂದು.

ಮುಂದಿನ ವಾರ ನಾವು ಗುಂಡ್ಲುಪೇಟೆಗೆ ಹೋದೆವು. ತೆರಕಣಾಂಬಿಯ ಮೇಲಿನ ಬಸ್ಸು. ಲ್ಯಾಪ್‌ಟಾಪನ್ನು ದುಪಟ್ಟಾದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ ಅವರು ದಾರಿಯುದ್ದಕ್ಕೂ ಒಂದು ಕೈ ಅದರ ಮೇಲೆಯೇ ಇಟ್ಟಿದ್ದರು. ಗಾರ್ಡ್ ಮನೆಯ ಜಗುಲಿಯಲ್ಲಿ ಚಾಪೆ ಹಾಕಿದರು. ಚಹಾ ಬರುವ ಮೊದಲೇ ಆಪಾ ಹೇಳಿಬಿಟ್ಟರು. ಸುತ್ತಿ ಬಳಸಲಿಲ್ಲ. ನೀವು ಬರೆದಿದ್ದಿರಿ, ನಾನು ತೆಗೆದೆ, ನಿಮಗೆ ಹೇಳಲಿಲ್ಲ… ಅಷ್ಟೇ.

ಗಾರ್ಡ್ ಆಪಾರ ದನಿ ಬಂದ ಕಡೆ ಮುಖ ತಿರುಗಿಸಿದರು.

“ನಾನ್ ಬರ್ದಿದ್ನಾ?”

“ಬರ್ದಿದ್ರಿ.”

“ಎಸ್ರು ಆಕಿದ್ನಾ?”

“ಹಾಕಿದ್ರಿ. ನಾಲ್ಕು ಸಾಲು.”

“ಅಂಗಾರೆ ನನ್ ತಲೆ ನೆಟ್ಟಗೇ ಅದೆ ಅನ್ನು,” ಎಂದು ಅವರು ನಕ್ಕರು. ನಗು ನಡುವೆಯೇ ನಿಂತಿತು. ಚಾಪೆಯ ಅಂಚನ್ನು ಸವರುತ್ತ ಕೂತರು. “ಎಂಟೊರ್ಸ ಕಣವ್ವ… ಅವನ ಮಗಳ ಮದ್ವೆಗೂ ನಾ ಓಗ್ನಿಲ್ಲ, ಯಾವ ಮುಖ ಇಟ್ಕಂಡ್ ಓಗನ ಅಂತ.”

ಆಪಾ ತಲೆ ತಗ್ಗಿಸಿದರು. ಕ್ಷಮಿಸಿ ಎಂದು ಅವರು ಕೇಳಲಿಲ್ಲ, ಕ್ಷಮಿಸಿದೆ ಎಂದು ಇವರೂ ಹೇಳಲಿಲ್ಲ. ಗಾರ್ಡ್ ಎದ್ದು ಕೋಲು ಹುಡುಕಿದರು. ವಾಚರ್‌ಗೆ ಮೂರು ಸಲ ಹೇಳಿಕಳಿಸಿದ್ದರಂತೆ, ಅವನು ಬರಲಿಲ್ಲ. ಬರದಿದ್ದರೆ ನಾವೇ ಹೋಗನ ನಡೀರಿ ಎಂದರು.

ಕೇರಳದ ಕಡೆ ಹೋಗುವ ಬಸ್ಸಿನಲ್ಲಿ ಮದ್ದೂರಿನ ಹತ್ತಿರ ಇಳಿದೆವು. ಹಾಡಿಗೆ ಅರ್ಧ ಮೈಲಿ ನಡೆಯಬೇಕು. ಗಾರ್ಡ್ ಕಣ್ಣಿಗೆ ದಾರಿ ಕಾಣುತ್ತಿರಲಿಲ್ಲ, ಆದರೆ ಅಲ್ಲಲ್ಲಿ ನಿಂತು ಮರಕ್ಕೆ ಅಂಗೈ ಒತ್ತಿ ಹೆಸರು ಹೇಳುತ್ತಿದ್ದರು. ವಾಚರ್ ಮನೆಯ ಮುಂದಿನ ಕಲ್ಲಿನ ಮೇಲೆ ಕೂತು ಬಿದಿರು ಸೀಳುತ್ತಿದ್ದ. ಒಣಗಿದ ಮೈಯ, ಬಿಳಿ ತಲೆಯ ಮನುಷ್ಯ. ಎದ್ದು ನಿಲ್ಲಲಿಲ್ಲ. ಗಾರ್ಡ್ ಕೋಲು ಊರಿಕೊಂಡು ಬಂದ ಬಗೆಯನ್ನು ನೋಡಿದವನು ಕತ್ತಿ ಕೆಳಗಿಟ್ಟು, ಕಲ್ಲಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದ.

ಆಪಾ ಅವನಿಗೂ ಹೇಳಿದರು. ಅದೇ ಮಾತು, ಅದೇ ಕ್ರಮದಲ್ಲಿ. ಆಮೇಲೆ ಲ್ಯಾಪ್‌ಟಾಪ್ ತೆರೆದು ಗಾರ್ಡ್ ಮುಂದಿಟ್ಟು, ಬಿಸಿಲು ಬೀಳದಂತೆ ತಮ್ಮ ದುಪಟ್ಟಾ ಮರೆ ಹಿಡಿದು, ಅಕ್ಷರ ಹಿಗ್ಗಿಸುತ್ತ ಹೋದರು. ಸಾಲಿಗೆ ಎರಡು ಪದ ಉಳಿಯುವವರೆಗೆ. ಒಂದೊಂದು ಅಕ್ಷರವೂ ಅಂಗೈ ಅಗಲ. ಗಾರ್ಡ್ ಮುಖವನ್ನು ಪಕ್ಕಕ್ಕೆ ತಿರುಗಿಸಿ, ಉಳಿದಿದ್ದ ಓರೆನೋಟದಲ್ಲಿ ಹುಡುಕಿ ಹಿಡಿದರು.

“ಈ… ಮರಗಳನ್ನು… ನಾನು… ಕಂಡದ್ದಲ್ಲ…”

ನಾಲ್ಕು ಸಾಲು ಓದಲು ಅವರಿಗೆ ಕಾಲು ಗಂಟೆಯ ಹತ್ತಿರ ಹಿಡಿಯಿತು. ಆಪಾ ಅವರ ಉಸಿರು ನೋಡಿಕೊಂಡು ಗುಂಡಿ ಒತ್ತುತ್ತಿದ್ದರು. ಮುಂದಿನ ಪದ ಕೆಳಗಿನಿಂದ ಏರಿ ಬರುತ್ತಿತ್ತು. ಹೆಸರು ಬಂದಾಗ ಗಾರ್ಡ್ ಅದನ್ನು ಎರಡು ಸಲ ಓದಿದರು. ಹಾಡಿಯ ನಾಲ್ಕಾರು ಜನ ಸೇರಿದ್ದರು. ನನ್ನ ಜೇಬಿನಲ್ಲಿ ನೋಟ್‌ಬುಕ್ ಇತ್ತು, ತೆಗೆಯಬೇಕು ಅನ್ನಿಸಲಿಲ್ಲ. ಮುಟ್ಟಿದರೆ ಸಿಗದ ಸಂಕೇತಗಳ ಗುಂಪೊಂದು, ಒಬ್ಬ ಹೆಂಗಸಿನ ಬೆರಳಿನ ತುದಿಯಲ್ಲಿ, ಕಣ್ಣು ಹೋಗುತ್ತಿದ್ದವನಿಗೆ ಕಾಣುವಷ್ಟು ದೊಡ್ಡದಾಗಿ ನಿಂತಿತ್ತು. ಅದನ್ನು ನಾನು ಕಂಡೆ.

ಓದಿ ಮುಗಿದಾಗ ವಾಚರ್ ತುಟಿ ಒರೆಸಿಕೊಂಡ.

“ನಾಕೇ ಸಾಲಾ?” ಎಂದ. “ನಾ ತೋರ್ಸಿದ್ ಮರ ಎಷ್ಟು, ನೀ ಬರ್ದಿರೋದು ನಾಕೇ ಸಾಲಾ?”

ಸುತ್ತಲಿನವರು ನಕ್ಕರು. ಗಾರ್ಡ್ ನಗಲಿಲ್ಲ, ಅಳುತ್ತಿದ್ದರು. ವಾಚರ್ ಆಪಾ ಕಡೆ ತಿರುಗಿ, ಇಷ್ಟು ದಿನ ಅದನ್ನು ಎಲ್ಲಿ ಮಡಗಿದ್ದೆ ಎಂದು ಕೇಳಿದ. ಹಳೆಯ ಫೈಲು ಪರದೆಯ ಮೇಲೆ ಕಂಡ ಬಗೆಯ ಚಿತ್ರವನ್ನು ಅವರು ತೆಗೆದುಕೊಂಡು ಬಂದಿದ್ದರು, ಅದನ್ನು ತೋರಿಸಿದರು. ಬೆಂಕಿಪೊಟ್ಟಣದಷ್ಟು ಪುಟ, ದೂರದಲ್ಲಿ ನಾಲ್ಕು ಗೆರೆ. ಅವನು ಬಗ್ಗಿ ಬಹಳ ಹೊತ್ತು ನೋಡಿದ.

“ಬಿಸಾಕ್ನಿಲ್ವಲ್ಲ,” ಎಂದ. “ಮಡಗಿದ್ದಲ್ಲ. ಬುಡು ಕಣವ್ವ.”

ಆಮೇಲೆ ಇನ್ನಷ್ಟು ಓದು ಎಂದ. ಗಾರ್ಡ್ ಕಣ್ಣು ಸೋತಿತ್ತು, ನಾನು ಓದಿದೆ. ದಿಂಡಿಗ ಮರದ ಎಲೆ ಉದುರುವ ಮುನ್ನ ಹಳದಿಯಾಗುತ್ತದೆ ಎಂಬಲ್ಲಿಗೆ ಬಂದಾಗ ಅವನು ತಡೆದ. ಹಳದಿಯಲ್ಲ, ಕೆಂಪು ಎಂದ. ಗಾರ್ಡ್ ಒಪ್ಪಲಿಲ್ಲ. ಇಬ್ಬರೂ ದನಿ ಏರಿಸಿ ವಾದಿಸಿದರು. ಯಾವುದೋ ಒಂದು ಹಳ್ಳದ ದಂಡೆ, ಅಲ್ಲಿ ಆನೆ ಅಟ್ಟಿಸಿಕೊಂಡು ಬಂದದ್ದು, ಅದೇ ಮರವೇ ಅಲ್ಲವೇ ನೀನು ಹತ್ತಿದ್ದು, ಹೆದರಿಕೆಯಲ್ಲಿ ಎಲೆಯ ಬಣ್ಣ ಎಲ್ಲಿ ನೋಡಿದ್ದೆ… ಎಂಟು ವರ್ಷದ ಮಾತು ಒಂದು ಎಲೆಯ ಮೇಲೆ ಹತ್ತಿ ಬಂತು. ಕೊನೆಗೆ ಗಾರ್ಡ್ ಸೋತರು. ಅಚ್ಚಾದದ್ದನ್ನು ಇನ್ನೇನು ಮಾಡುವುದು ಎಂದು ಗೊಣಗಿದರು. ಇದು ಅಚ್ಚಲ್ಲ ಎಂದು ಆಪಾ ಅಲ್ಲೇ, ಆ ಕಲ್ಲಿನ ಪಕ್ಕದಲ್ಲಿ ಕೂತು, ಬರಹವನ್ನು ತೆರೆದು, ‘ಹಳದಿ’ ತೆಗೆದು ‘ಕೆಂಪು’ ಎಂದು ಬರೆದರು. ವಾಚರ್ ತನ್ನ ಮಾತು ಪುಸ್ತಕದೊಳಕ್ಕೆ ಹೋಗುವುದನ್ನು ಬಿಟ್ಟ ಬಾಯಿ ಬಿಟ್ಟಂತೆ ನೋಡಿದ.

ವಾಪಸು ಬರುವಾಗ ಬಸ್ಸಿನಲ್ಲಿ ಆಪಾ ಒಂದೇ ಮಾತಾಡಿದರು. ತೆಗೆದ ಆ ‘ಹಳದಿ’ಯನ್ನು ಎಲ್ಲಿಡುವುದೆಂದು ಹುಡುಕಿದರಂತೆ. “ಇದ್ರಲ್ಲಿ ಪಕ್ಕದ ಜಾಗ ಇಲ್ಲ ಸಾರ್. ಇದ್ರೆ ಒಳಗೆ. ಇಲ್ಲಾಂದ್ರೆ ಇಲ್ಲ.”

ಕೆಲವು ತಿಂಗಳ ಮೇಲೆ ನನಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಹೊರಡುವ ದಿನ ಅವರು ಈ ಲಕೋಟೆ ಕೊಟ್ಟರು. ಪುಸ್ತಕ ಪೂರ್ತಿ ಆಯಿತು, ಪುರುಸೊತ್ತಿನಲ್ಲಿ ಕೊನೆಯವರೆಗೆ ನೋಡಿ ಎಂದರು. ನೋಡುತ್ತೇನೆ ಎಂದೆ. ಊರು ಬದಲಾಯಿತು, ಮನೆ ಬದಲಾಯಿತು, ಲಕೋಟೆ ಪೆಟ್ಟಿಗೆಯ ತಳ ಸೇರಿತು. ಗಾರ್ಡ್ ಕಣ್ಣು ಪೂರ್ತಿ ಹೋಯಿತೆಂದೂ, ವಾಚರ್ ವಾರಕ್ಕೊಮ್ಮೆ ಬಂದು ಜಗುಲಿಯಲ್ಲಿ ಕೂರುತ್ತಾನೆಂದೂ ಆಪಾ ಒಮ್ಮೆ ಫೋನಿನಲ್ಲಿ ಹೇಳಿದ್ದರು. ಆಮೇಲೆ ಒಂದು ದಿನ ಚಾಮರಾಜನಗರದ ವರದಿಗಾರನೊಬ್ಬ ಬೇರೇನೋ ಮಾತಾಡುತ್ತ, ಮಂಡಿಯ ಮೇಲಿನ ಆಪಾ ತೀರಿಕೊಂಡು ಎರಡು ತಿಂಗಳಾಯಿತು ಎಂದ. ಆ ಸುದ್ದಿ ನನಗೆ ತಡವಾಗಿ ತಲುಪಿತು. ನಾನು ಹೋಗಲೂ ಇಲ್ಲ. ಈಗ ಆ ಕೋಣೆಯಲ್ಲಿ ಮೊಬೈಲ್ ಕವರ್ ಮಾರುತ್ತಾರಂತೆ. ಮೆಟ್ಟಿಲ ಮೇಲಿನ ಹಳದಿ ಧೂಳು ಹಾಗೇ ಇದೆಯಂತೆ.

ಸಿ.ಡಿ. ಹಾಕುವ ಜಾಗ ನನ್ನ ಕಂಪ್ಯೂಟರಿನಲ್ಲಿ ಇಲ್ಲ. ಒಂದು ಸ್ಟುಡಿಯೋದವರು ಅದರಲ್ಲಿದ್ದದ್ದನ್ನು ಫೋನಿಗೆ ಹಾಕಿಕೊಟ್ಟರು. ಮನೆಗೆ ಬಂದು ತೆರೆದೆ. ಅಕ್ಷರ ಸಣ್ಣದಿತ್ತು, ನನಗೂ ಈಗ ಗಾರ್ಡ್ ಅವರ ಆಗಿನ ವಯಸ್ಸು. ಹಿಗ್ಗಿಸಿದೆ. ಸಾಲುಗಳು ತಾವೇ ಮುರಿದು ಕೆಳಗಿಳಿದವು. ಎಲ್ಲೂ ಕಡಿಯಲಿಲ್ಲ, ಎಲ್ಲೂ ಬಯಲು ಬೀಳಲಿಲ್ಲ. ಅರಿಕೆಯ ಕೊನೆಗೆ ನಾಲ್ಕು ಸಾಲು ಇದ್ದವು. ದಿಂಡಿಗದ ಎಲೆ ಕೆಂಪಾಗಿತ್ತು. ಅವರು ಹೇಳಿದ್ದಂತೆ ಕೊನೆಯವರೆಗೆ ಹೋದೆ. ಕಡೆಯ ಮರ ಮುಗಿದ ಮೇಲೆ, ನಾನು ಎಂದೂ ನೋಡಿರದ ಒಂದು ಪುಟವಿತ್ತು.

“ಈ ಪುಸ್ತಕ ಕಾಗದದಲ್ಲಿ ಅಚ್ಚಾದಾಗ ಅರಿಕೆಯ ಕೊನೆಯ ನಾಲ್ಕು ಸಾಲು ಇರಲಿಲ್ಲ. ಬರೆದವರು ಮರೆತಿರಲಿಲ್ಲ. ಅವು ತಾವಾಗಿ ಬಿಟ್ಟುಹೋದದ್ದೂ ಅಲ್ಲ. ತೆಗೆದದ್ದು ನಾನು. – ಪುಟ ಜೋಡಿಸಿದವಳು.”

ಮೂಲೆಯಲ್ಲಿ ಅಲ್ಲ, ಸಣ್ಣ ಅಕ್ಷರದಲ್ಲಿ ಅಲ್ಲ. ಪುಸ್ತಕದ ಉಳಿದ ಮಾತುಗಳಷ್ಟೇ ದೊಡ್ಡ ಅಕ್ಷರದಲ್ಲಿ. ಕೆಳಗೆ ಹೆಸರಿರಲಿಲ್ಲ. ಪಕ್ಕದಲ್ಲಿ ಎಲ್ಲಾದರೂ ಇಟ್ಟಿದ್ದಾರೆಯೇ ಎಂದು ಬೆರಳಿನಿಂದ ಆ ಕಡೆ, ಈ ಕಡೆ ಸರಿಸಿ ನೋಡಿದೆ…

ಇರಲಿಲ್ಲ.